ಹಳೆ ಡೀಸೆಲ್ ಕಾರಿನ ದಾರಿ

ವಿದೇಶದಲ್ಲಿ ಓಡಿದ ಕಾರನ್ನು ಭಾರತಕ್ಕೆ ತರಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಕಾರು ತಯಾರಾಗಿ 3 ವರ್ಷ ಮೀರಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು, ಇಳಿಸುವುದು ಮುಂಬೈ ಬಂದರಿನಲ್ಲೇ. ಮೇಲೆ ಬೀಳುವ ಸುಂಕ ಕಾರಿನ ಬೆಲೆಯನ್ನೇ ಮೀರಿಸುತ್ತದೆ. ವಿದೇಶದಲ್ಲಿ ಅಗ್ಗವಾಗಿ ಕಂಡದ್ದು ಊರು ಮುಟ್ಟುವ ಹೊತ್ತಿಗೆ ಹೊಸ ಕಾರಿಗಿಂತ ದುಬಾರಿ.

ಹೀಗಾಗಿ ತುಬಚಿ, ಜಮಖಂಡಿ ಸೀಮೆಯಲ್ಲಿ ಬಿಎಂಡಬ್ಲ್ಯು 320ಡಿಯಂಥ ಚುರುಕು ಕಾರಿನ ಆಸೆಯುಳ್ಳವರಿಗೆ ಕೈಗೆಟುಕುವುದು ದೆಹಲಿಯ ಪೇಟೆ. ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನ ಓಡಿಸಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ, ಅಲ್ಲಿನ ಹಳೆ ಡೀಸೆಲ್ ಕಾರುಗಳ ಬೆಲೆ ಕುಸಿಯಿತು.

ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳುವುದಾದರೆ ರಾಜ್ಯದ ತೆರಿಗೆ ಕಟ್ಟಿ ಜಮಖಂಡಿಯ ಕೆಎ-48 ನಂಬರ್ ಪಡೆಯಬೇಕು. ಸಾಲ ತೀರದ ಗಾಡಿಯಾಗಿದ್ದರೆ ಬ್ಯಾಂಕಿನ ಹೆಸರು ಆರ್‌ಸಿಯಲ್ಲೇ ಕುಳಿತಿರುತ್ತದೆ. ಮುಂಗಡ ಕೊಡುವ ಮೊದಲೇ ಅದನ್ನು ನೋಡುವುದು ಜಾಣತನ.

ಕಾಗದ ಸರಿಯಾದರೂ ರಸ್ತೆಯದು ಬೇರೆ ಲೆಕ್ಕ. ಇಂಥ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಎಡೆಬಿಡದೆ ಕೆಲಕಾಲ ವೇಗವಾಗಿ ಓಡಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಎರಡನೇ ಗೇರಿನಲ್ಲೇ ತೆವಳುವ ಕಾರಿಗೆ ಆ ಓಟ ಸಿಗುವುದಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿನ ಬಲ ಕುಗ್ಗುತ್ತದೆ, ರಿಪೇರಿಗೆ ಬೆಳಗಾವಿಯೋ ಹುಬ್ಬಳ್ಳಿಯೋ ಮುಟ್ಟಬೇಕಾಗುತ್ತದೆ.