ಅರ್ಧ ದಿನದ ಬಾಡಿಗೆ ಬೈಕು

ಮಲೆನಾಡಿನ ಊರುಗಳ ನಡುವಣ ಅಂತರವನ್ನು ಕಿಲೋಮೀಟರಿನಲ್ಲಿ ಅಳೆದರೆ ಪ್ರಯೋಜನವಿಲ್ಲ, ಬಸ್ಸಿನ ವೇಳೆಯಲ್ಲಿ ಅಳೆಯಬೇಕು. ಕೊಪ್ಪ, ತೀರ್ಥಹಳ್ಳಿ, ಹೊಸನಗರದಂಥ ಪೇಟೆಗಳನ್ನು ಹೇಗೋ ತಲುಪಬಹುದು. ಅಲ್ಲಿಂದ ಮುಂದಿನ ಹತ್ತು ಹದಿನೈದು ಕಿಲೋಮೀಟರ್ ದಾರಿಯೇ ನಿಜವಾದ ಪ್ರಯಾಣ. ಕಾರ್ಮಿಕರೇ ಕಟ್ಟಿ 1991ರಿಂದ ನಡೆಸಿಕೊಂಡು ಬಂದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದ ಮೇಲೆ ಈ ಕೊನೆಯ ದಾರಿ ಇನ್ನಷ್ಟು ದೀರ್ಘವಾಗಿದೆ. 2023ರಲ್ಲಿ ಬಂದ ಶಕ್ತಿ ಯೋಜನೆಯು ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತಗೊಳಿಸಿತು, ನಿಜ. ಆದರೆ ಬಸ್ಸೇ ಓಡದ ರಸ್ತೆಯಲ್ಲಿ ಉಚಿತವೆಂಬ ಮಾತಿಗೆ ಅರ್ಥವಿಲ್ಲ.

ಇಂತಹ ದಾರಿಗೆ ಅರ್ಧ ದಿನದ ಮಟ್ಟಿಗೆ ಒಂದು ಮೋಟಾರ್ ಸೈಕಲ್ಲನ್ನು ಬಾಡಿಗೆಗೆ ಪಡೆಯುವುದು ಸಹಜವಾದ ಪರಿಹಾರ. ಆದರೆ ಅದೇ ನಮ್ಮಲ್ಲಿ ಅತ್ಯಂತ ಕಷ್ಟದ ಕೆಲಸ. ಬಾಡಿಗೆ ಬೈಕುಗಳು ಸಿಗುವುದು ಚಿಕ್ಕಮಗಳೂರು, ಮಡಿಕೇರಿಗಳಂತಹ ಪ್ರವಾಸಿ ಪಟ್ಟಣಗಳಲ್ಲಿ. ಅಲ್ಲಿನ ವ್ಯವಹಾರವೆಲ್ಲ ವಿಹಾರಕ್ಕೆ ಬರುವವರ ಅನುಕೂಲಕ್ಕೆ ಹೊಂದಿಕೊಂಡಿದೆ. ಸಾಮಾನ್ಯವಾಗಿ ಬಾಡಿಗೆಯ ಲೆಕ್ಕ ಇಡೀ ದಿನದ್ದು. ಮೂರು ಗಂಟೆಯ ಕೆಲಸವಿದ್ದವನೂ ದಿನದ ಹಣ ತೆರಬೇಕು, ಠೇವಣಿ ಇಡಬೇಕು, ವಾಹನವನ್ನು ಪಡೆದ ಜಾಗಕ್ಕೇ ಮರಳಿಸಬೇಕು. ಕೆಲವೆಡೆ ಮೂಲ ಗುರುತಿನ ಚೀಟಿಯನ್ನೇ ಒತ್ತೆಯಾಗಿ ಕೇಳುವ ರೂಢಿಯೂ ಇದೆ. ಆಸ್ಪತ್ರೆಯಿಂದ ಮರಳುವ ತಾಯಿಯನ್ನು ಮನೆ ಮುಟ್ಟಿಸಬೇಕಾದ ಮಗನಿಗೂ, ಎರಡೇ ದಿನದ ರಜೆಯಲ್ಲಿ ಕ್ಷೇತ್ರಕಾರ್ಯ ಮುಗಿಸಬೇಕಾದ ವಿದ್ಯಾರ್ಥಿನಿಗೂ ಈ ಏರ್ಪಾಟು ಒದಗುವುದಿಲ್ಲ.

ಇದರಿಂದ ಆಗುವ ನಷ್ಟ ಕೇವಲ ಅನಾನುಕೂಲವಲ್ಲ. ಅಡಿಕೆಯ ಎಲೆಚುಕ್ಕಿ ರೋಗದ ಉದಾಹರಣೆಯನ್ನೇ ನೋಡೋಣ. ಅದು ಎಲ್ಲಿ ಎಷ್ಟು ಹರಡಿದೆಯೆಂದು ತಿಳಿಯಲು ಒಂದೆರಡು ತೋಟಗಳನ್ನು ನೋಡಿದರೆ ಸಾಲದು. ಎತ್ತರ, ಇಳಿಜಾರು, ಮಳೆಯ ಪ್ರಮಾಣ ಬೇರೆಬೇರೆಯಾಗಿರುವ ಹಲವು ತೋಟಗಳನ್ನು ಕೆಲವೇ ದಿನಗಳ ಅಂತರದಲ್ಲಿ ನೋಡಬೇಕು. ವಾಹನವಿಲ್ಲದ ವಿದ್ಯಾರ್ಥಿ ಬಸ್ಸು ಹೋಗುವ ದಾರಿಯ ಪಕ್ಕದ ತೋಟಗಳನ್ನಷ್ಟೇ ನೋಡಿ ಮರಳುತ್ತಾನೆ. ಹೀಗಾಗಿ ರಸ್ತೆಬದಿಯ ರೋಗ ದಾಖಲೆಗೆ ಬರುತ್ತದೆ, ಒಳಗಿನ ಕಣಿವೆಯ ರೋಗ ಬರುವುದಿಲ್ಲ. ದಾಖಲೆಯಲ್ಲಿಲ್ಲದ ರೋಗಕ್ಕೆ ಪರಿಹಾರದ ಹಣವನ್ನು ಕೇಳುವುದು ಹೇಗೆ?

ಅಗತ್ಯ ಇದ್ದಲ್ಲಿ ಅಡ್ಡದಾರಿಯೂ ಹುಟ್ಟುತ್ತದೆ. ಊರಿನ ಯುವಕರು ತಮ್ಮ ಸ್ವಂತ ಬೈಕನ್ನೇ ಮುನ್ನೂರು ನಾನೂರು ರೂಪಾಯಿಗೆ ಕೊಡುತ್ತಾರೆ. ಇದನ್ನು ಉಪಕಾರವೆಂದೇ ಇಬ್ಬರೂ ಭಾವಿಸಿರುತ್ತಾರೆ. ಆದರೆ ಬಿಳಿ ಹಲಗೆಯ ವಾಹನ ಸ್ವಂತ ಬಳಕೆಗೆ ಮಾತ್ರ ನೋಂದಣಿಯಾದದ್ದು. ಬಾಡಿಗೆಗೆ ಕೊಡುವ ಮೋಟಾರ್ ಸೈಕಲ್ಲಿಗೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರಗಳಿರಬೇಕು. 2019ರ ತಿದ್ದುಪಡಿಯ ನಂತರ, ಪರವಾನಗಿಯಿಲ್ಲದೆ ವಾಹನವನ್ನು ಬಾಡಿಗೆಗೆ ಬಳಸಿದರೆ 10,000 ರೂಪಾಯಿ ದಂಡವನ್ನೂ ಆರು ತಿಂಗಳವರೆಗಿನ ಸೆರೆವಾಸವನ್ನೂ ವಿಧಿಸಲು ಅವಕಾಶವಿದೆ. ಅದಕ್ಕಿಂತ ದೊಡ್ಡ ಅಪಾಯ ವಿಮೆಯದು. ಘಾಟಿಯ ತಿರುವಿನಲ್ಲಿ ಅಪಘಾತವಾಗಿ ದಾರಿಹೋಕನೊಬ್ಬ ಗಾಯಗೊಂಡರೆ, ವಾಹನ ಬಾಡಿಗೆಗೆ ಹೋಗಿತ್ತೆಂಬ ಕಾರಣಕ್ಕೆ ವಿಮಾ ಕಂಪನಿ ಹೊಣೆಯಿಂದ ಜಾರಿಕೊಳ್ಳಬಹುದು, ಅಥವಾ ಪರಿಹಾರ ಕೊಟ್ಟು ಆ ಮೊತ್ತವನ್ನು ಮಾಲೀಕನಿಂದಲೇ ವಸೂಲು ಮಾಡಬಹುದು. ನಾನೂರು ರೂಪಾಯಿಯ ಆಸೆಗೆ ಅರ್ಧ ಎಕರೆ ತೋಟ ಮಾರಬೇಕಾದ ಪರಿಸ್ಥಿತಿ ಯಾರಿಗೂ ಬರಬಾರದು.

ಹಾಗಾದರೆ ಕಾನೂನು ದಾರಿಯನ್ನೇ ಮುಚ್ಚಿದೆಯೆ? ಇಲ್ಲ. ಮೋಟಾರು ವಾಹನ ಕಾಯ್ದೆಯ 75ನೆಯ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರವು 1997ರಲ್ಲೇ ಬಾಡಿಗೆ ಮೋಟಾರ್ ಸೈಕಲ್ ಯೋಜನೆಯನ್ನು ಹೊರಡಿಸಿದೆ. ಬಾಡಿಗೆ ಕಾರುಗಳ ಯೋಜನೆಗೆ ಕನಿಷ್ಠ 50 ವಾಹನಗಳು ಬೇಕು, ಇದಕ್ಕೆ ಐದೇ ಸಾಕು. ಪರವಾನಗಿ, ಅರ್ಹತಾ ಪತ್ರ, ನಿಲುಗಡೆಯ ಜಾಗ ಮುಂತಾದ ಷರತ್ತುಗಳಿವೆ. ಒಬ್ಬ ಹಳ್ಳಿಯ ಯುವಕನಿಗೆ ಅವು ಭಾರವಾಗಬಹುದು, ಒಂದು ಸಹಕಾರ ಸಂಘಕ್ಕೆ ಖಂಡಿತ ಅಲ್ಲ.

ಬಾಡಿಗೆಯ ವ್ಯವಸ್ಥೆ ನಮ್ಮ ರೈತರಿಗೆ ಹೊಸದೇನೂ ಅಲ್ಲ. 2014ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಟಿಲ್ಲರನ್ನೂ ಕಳೆ ಕೊಚ್ಚುವ ಯಂತ್ರವನ್ನೂ ಬಾಡಿಗೆಗೆ ಕೊಡುತ್ತ ಬಂದಿವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗಾಗಿ ಕೇಂದ್ರವು 2023ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಉಪವಿಧಿಗಳಲ್ಲಿಯೂ ಯಂತ್ರೋಪಕರಣಗಳ ಬಾಡಿಗೆ ಕೇಂದ್ರಕ್ಕೆ ಸ್ಥಾನವಿದೆ. ಗಂಟೆಯ ಲೆಕ್ಕದಲ್ಲಿ ಟಿಲ್ಲರ್ ಕೊಡಬಹುದಾದರೆ, ಅದೇ ಲೆಕ್ಕದಲ್ಲಿ ಐದು ಹಗುರವಾದ ಬೈಕುಗಳನ್ನು ಏಕೆ ಕೊಡಬಾರದು? ಎರಡಾದರೂ ಗೇರಿಲ್ಲದ ಸ್ಕೂಟರುಗಳಿರಲಿ, ಪ್ರತಿಯೊಂದರ ಜೊತೆಗೂ ಎರಡು ಹೆಲ್ಮೆಟ್ಟುಗಳಿರಲಿ, ಮಳೆಗಾಲದಲ್ಲಿ ಬ್ರೇಕು ಮತ್ತು ಟೈರುಗಳ ತಪಾಸಣೆ ವಾರಕ್ಕೊಮ್ಮೆ ನಡೆಯಲಿ.

ಬೈಕು ಸುಲಭವಾಗಿ ಸಿಕ್ಕರೆ ಬೆಟ್ಟ ಹಾಳಾಗುವುದೆಂದು ಪರಿಸರದ ಗೆಳೆಯರು ಆತಂಕ ಪಡಬಹುದು. ಆ ಆತಂಕ ನಿರಾಧಾರವಲ್ಲ. ಶೋಲಾ ಹುಲ್ಲುಗಾವಲಿನ ಇಳಿಜಾರಿನಲ್ಲಿ ಚಕ್ರದ ಜಾಡು ಮೂಡಿದರೆ ಮಣ್ಣು ಗಟ್ಟಿಯಾಗುತ್ತದೆ. ಮಳೆನೀರು ಇಂಗದೆ ಅದೇ ಜಾಡಿನಲ್ಲಿ ಹರಿದು ಕೊರಕಲು ಮಾಡುತ್ತದೆ. ಆದ್ದರಿಂದಲೇ ಈ ವಾಹನಗಳ ಆಡಳಿತ ಊರಿನ ಕೈಯಲ್ಲಿರಬೇಕು. ಸಂಘದ ಬೈಕು ಊರ ರಸ್ತೆಗೆ ಮಾತ್ರ, ಗುಡ್ಡದ ನೆತ್ತಿಗೆ ಅಲ್ಲ ಎಂಬ ಕರಾರನ್ನು ನಾವೇ ಬರೆಯಬಹುದು. ಐದು ಬೈಕುಗಳು ಐವತ್ತು ಮನೆಗಳ ಆಗೀಗಿನ ಅಗತ್ಯವನ್ನು ಪೂರೈಸಿದರೆ, ಸಾಲ ಮಾಡಿ ಕೊಂಡು ಅಂಗಳದಲ್ಲಿ ತುಕ್ಕು ಹಿಡಿಸುವ ವಾಹನಗಳಾದರೂ ಕಡಿಮೆಯಾದಾವು.

ಬಸ್ಸಿಗಾಗಿ ನಡೆಸುವ ಹೋರಾಟವನ್ನು ಇದು ಬದಲಿಸುವುದಿಲ್ಲ, ಬದಲಿಸಲೂ ಬಾರದು. ಬಸ್ಸು ಬರುವ ತನಕ, ಮತ್ತು ಬಂದ ಮೇಲೂ ಅದು ತಲುಪದ ಮನೆಗಳಿಗಾಗಿ, ಸಂಘದ ಮುಂದಿನ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಐದು ಮೋಟಾರ್ ಸೈಕಲ್ಲುಗಳ ಪ್ರಸ್ತಾವವನ್ನು ಸೇರಿಸುವಂತೆ ಸದಸ್ಯರು ಈಗಲೇ ಲಿಖಿತವಾಗಿ ಕೇಳಬೇಕು.