ಬೆಳಗಿನ ಹಿಮ, ಮಧ್ಯಾಹ್ನದ ಹಿಮ

ಬೇಸಿಗೆ ರಜೆ ಬಂತೆಂದರೆ ನಮ್ಮ ಊರುಗಳಿಂದ ಮನಾಲಿ, ಗ್ಯಾಂಗ್‌ಟಾಕ್ ಕಡೆಗೆ ಹೊರಡುವ ಕುಟುಂಬಗಳು ಬಹಳ. ಚಾರಣಕ್ಕೆಂದು ಹೋಗುವ ಕಾಲೇಜು ಹುಡುಗರೂ ಕಡಿಮೆಯಿಲ್ಲ. ನಮಗೆ ಏಪ್ರಿಲ್ ಎಂದರೆ ಸುಡುಬಿಸಿಲು. ಹಿಮಾಲಯದ ಎತ್ತರದಲ್ಲಿ ಅದು ವಸಂತ. ಚಳಿಗಾಲವಿಡೀ ಪದರ ಪದರವಾಗಿ ಬಿದ್ದ ಹಿಮ ಆಗಿನ್ನೂ ಇಳಿಜಾರುಗಳ ಮೇಲೆ ಕುಳಿತಿರುತ್ತದೆ. ಆಕಾಶ ತಿಳಿಯಾಗಿದೆ, ಬಿಸಿಲು ಹಿತವಾಗಿದೆ, ಇನ್ನೇನು ಭಯ ಎನ್ನಿಸುವ ಆ ದಿನಗಳಲ್ಲೂ ಹಿಮ ಕುಸಿಯುತ್ತದೆ.

2023ರ ಏಪ್ರಿಲ್ 4ರಂದು ಸಿಕ್ಕಿಂನಲ್ಲಿ ಹೀಗೇ ಆಯಿತು. ಗ್ಯಾಂಗ್‌ಟಾಕ್‌ನಿಂದ ನಾಥು ಲಾಗೆ ಹೋಗುವ ರಸ್ತೆಯಲ್ಲಿ, 15ನೇ ಮೈಲಿಯ ಬಳಿ ಹಿಮ ಜಾರಿ ಬಂದು 7 ಮಂದಿ ಪ್ರಾಣ ಕಳೆದುಕೊಂಡರು. ಹೊತ್ತು ಮಧ್ಯಾಹ್ನ 12 ಗಂಟೆ ದಾಟಿತ್ತು. ಪ್ರವಾಸಿಗರಿಗೆ ಅನುಮತಿ ಇದ್ದದ್ದು 13ನೇ ಮೈಲಿಯವರೆಗೆ ಮಾತ್ರ ಎಂದು ಪೊಲೀಸರು ಆಗ ತಿಳಿಸಿದ್ದರು.

ಅಪಾಯವನ್ನು ಮೊದಲೇ ಅಂದಾಜು ಮಾಡಲು ಬರುತ್ತದೆಯೇ? ಸಾಕಷ್ಟು ಮಟ್ಟಿಗೆ ಬರುತ್ತದೆ. ಮೊದಲು ಮರಳನ್ನು ನೆನೆಯಿರಿ. ಒಣ ಮರಳಿನಲ್ಲಿ ಗೂಡು ಕಟ್ಟಲಾಗದು. ತುಸು ನೀರು ಬೆರೆಸಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ನೀರು ಅತಿಯಾದರೆ ಗೂಡು ಕುಸಿದು ಹರಿಯುತ್ತದೆ. ವಸಂತದ ಹಿಮವೂ ಹಾಗೆಯೇ. ಬಿಸಿಲಿಗೆ ಮೇಲ್ಪದರ ಕರಗಿ ನೀರು ಒಳಗಿಳಿದಾಗ ಹಿಮದ ಹರಳುಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಆಗ ಇಡೀ ಪದರವೇ ಜಾರಬಹುದು.

ರಾತ್ರಿಯಾದಾಗ ಇದೇ ನೀರು ಮತ್ತೆ ಹೆಪ್ಪುಗಟ್ಟಿ ಹಿಮವನ್ನು ಬೆಸೆಯುತ್ತದೆ. ಆದರೆ ಅದಕ್ಕೊಂದು ಷರತ್ತು ಇದೆ. 1 ಗ್ರಾಂ ನೀರು ಮಂಜುಗಡ್ಡೆಯಾಗಲು 80 ಕ್ಯಾಲೊರಿ ಗುಪ್ತೋಷ್ಣವನ್ನು ಹೊರಬಿಡಬೇಕು. ಆಕಾಶ ಶುಭ್ರವಾಗಿದ್ದರೆ ಈ ಶಾಖ ವಿಕಿರಣದಿಂದ ಸುಲಭವಾಗಿ ಹೊರಟುಹೋಗುತ್ತದೆ. ಮೋಡ ಮುಚ್ಚಿದ್ದರೆ ಅದು ಕಂಬಳಿ ಹೊದಿಸಿದಂತೆ. ಶಾಖ ಹೊರಹೋಗದು, ಹಿಮ ಗಟ್ಟಿಯಾಗದು. ಆದ್ದರಿಂದ ಪರ್ವತಾರೋಹಿಯ ಮೊದಲ ಪ್ರಶ್ನೆ, ‘ನಿನ್ನೆ ರಾತ್ರಿ ನಕ್ಷತ್ರ ಕಂಡವೇ?’ ಎಂಬುದು. ಕಂಡಿದ್ದರೆ ಅವನು ನಸುಕಿನಲ್ಲೇ ಹೊರಟು, ಬಿಸಿಲೇರುವ ಮೊದಲು ಇಳಿಜಾರು ದಾಟುತ್ತಾನೆ. ಕಾಣದಿದ್ದರೆ ಬೆಳಗಿನ ಹಿಮವನ್ನೂ ನಂಬುವುದಿಲ್ಲ. ಹೊಸದಾಗಿ ಹಿಮವೋ ಮಳೆಯೋ ಬಿದ್ದಿದ್ದರೆ ಈ ಲೆಕ್ಕವೂ ನಡೆಯದು, ಕಾಯುವುದೇ ದಾರಿ.

ಎರಡನೆಯದು ದಿಕ್ಕು. ಬೆಳಗಿನ ಬಿಸಿಲು ಪೂರ್ವದ ಇಳಿಜಾರನ್ನು ಮೊದಲು ಸಡಿಲಿಸುತ್ತದೆ. ಆಮೇಲೆ ದಕ್ಷಿಣದ್ದು, ಇಳಿಹೊತ್ತಿನಲ್ಲಿ ಪಶ್ಚಿಮದ್ದು.

ಮೂರನೆಯದು ಕೋನ. ಹೆಚ್ಚಿನ ಹಿಮಕುಸಿತಗಳು ಹೊರಡುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೊಂದು ಕಲ್ಲು ತೂಗಿಬಿಟ್ಟರೆ ಕೋನವನ್ನು ನೀವೇ ಅಳೆಯಬಹುದು. ಊರ ಗುಡ್ಡದಲ್ಲಿ ಮಾಡಿ ನೋಡಿ. ಆದರೆ ನಾವು ನಿಂತ ಜಾಗ ಮಟ್ಟಸವಾಗಿದ್ದರೆ ಸಾಲದು. ನಮ್ಮ ತಲೆಯ ಮೇಲಿನ ಇಳಿಜಾರು ಹೇಗಿದೆ ಎಂಬುದೇ ಮುಖ್ಯ. ಸಿಕ್ಕಿಂನಲ್ಲಿ ಹಿಮ ಬಂದದ್ದೂ ರಸ್ತೆಯ ಬದಿಗೇ.

ಹಿಮವೂ ಸೂಚನೆ ಕೊಡುತ್ತದೆ. ಬೆಳಿಗ್ಗೆ ಗಟ್ಟಿಯಾಗಿದ್ದ ನೆಲದಲ್ಲಿ ಪಾದ ಹೂತುಹೋಗತೊಡಗಿದರೆ, ಸಣ್ಣ ಹಿಮದ ಉಂಡೆಗಳು ತಾವಾಗಿಯೇ ಉರುಳತೊಡಗಿದರೆ, ಪಕ್ಕದ ಇಳಿಜಾರು ಆಗಲೇ ಕುಸಿದಿದ್ದರೆ, ಅಲ್ಲಿಂದ ಹಿಂದಿರುಗಬೇಕು.

ನಮ್ಮಲ್ಲಿ ಡಿ.ಆರ್.ಡಿ.ಒ.ಗೆ ಸೇರಿದ, ಚಂಡೀಗಢದಲ್ಲಿರುವ ಡಿ.ಜಿ.ಆರ್.ಇ. ಎಂಬ ಪ್ರಯೋಗಾಲಯ ಹಿಮಾಲಯದ ಪ್ರದೇಶಗಳಿಗೆ ಮುನ್ನೆಚ್ಚರಿಕೆ ಕೊಡುತ್ತದೆ. ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗಿನ ಹಂತಗಳಲ್ಲಿ ಹೇಳುವುದು ರೂಢಿ. ಪರೀಕ್ಷೆಯಲ್ಲಿ 5ಕ್ಕೆ 3 ಬಂದರೆ ನಾವು ನೆಮ್ಮದಿಯಿಂದಿರುತ್ತೇವೆ. ಇಲ್ಲಿ ಮಾತ್ರ 3 ಎಂದರೆ ಗಣನೀಯ ಅಪಾಯ ಎಂದರ್ಥ.

ಮಕ್ಕಳನ್ನು ಕಳಿಸುವ ತಂದೆತಾಯಂದಿರು ಪ್ರವಾಸದ ವ್ಯವಸ್ಥಾಪಕರನ್ನು ಊಟ, ವಸತಿಯ ಬಗ್ಗೆ ಕೇಳುತ್ತಾರೆ. ಅದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಲಿ: ಹಿಮದ ಇಳಿಜಾರನ್ನು ಎಷ್ಟು ಗಂಟೆಯೊಳಗೆ ದಾಟಿಸುತ್ತೀರಿ? ಮುನ್ನೆಚ್ಚರಿಕೆ ಬಂದರೆ ಹಿಂದಿರುಗುತ್ತೀರೋ, ಮುಂದುವರಿಯುತ್ತೀರೋ? ತಕ್ಷಣ ಸ್ಪಷ್ಟ ಉತ್ತರ ಕೊಡುವವರ ಜೊತೆಗೇ ಮಕ್ಕಳು ಹೋಗಲಿ.