ಸೀಟು ಯಾರಪ್ಪನ ಸ್ವತ್ತು?

'ಸೀಟು' ಎಂಬ ಪದವನ್ನು ಕನ್ನಡದಿಂದ ಓಡಿಸಿ 'ಆಸನ' ಎನ್ನಬೇಕು ಎಂದು ಹಟ ಹಿಡಿಯುವವರು ವಿಚಾರ ಸಂಕಿರಣಗಳಲ್ಲಿ ಆಗಾಗ ಸಿಗುತ್ತಾರೆ. ಅವರನ್ನು ಒಂದು ಬೆಳಿಗ್ಗೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ನಿಲ್ಲಿಸಬೇಕು. ತಿ. ನರಸೀಪುರದ ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟವಲ್ ಹಾಕಿ ಹಿಡಿಯುವುದು ಸೀಟು. ಸೈಕಲ್ಲಿಗೆ ಹೊಸದಾಗಿ ಹಾಕಿಸುವುದೂ ಸೀಟು. 'ಮಗಳಿಗೆ ನರ್ಸಿಂಗ್ ಸೀಟು ಸಿಕ್ತಾ?' ಎಂಬುದು ಇನ್ನೊಂದು. 'ಈ ಸಲ ಸೀಟು ಯಾರಿಗಂತೆ?' ಎಂದರೆ ಎಂಎಲ್‌ಎ ಚುನಾವಣೆ. ಶುದ್ಧ ಕನ್ನಡ ಮಾಡಲು ಹೊರಟರೆ ಒಂದಕ್ಕೆ ಆಸನ, ಒಂದಕ್ಕೆ ಪ್ರವೇಶ, ಒಂದಕ್ಕೆ ಉಮೇದುವಾರಿಕೆ, ಗೆದ್ದ ಮೇಲೆ ಸ್ಥಾನ. ಸೈಕಲ್ಲಿನದನ್ನೂ ಆಸನವೆಂದರೆ ಯೋಗದ ತರಗತಿ ನೆನಪಾಗುತ್ತದೆ.

ಪದ ಇರಲಿ ಬಿಡಿ. ಅದರೊಳಗೆ ಸದ್ದಿಲ್ಲದೆ ಸೇರಿಕೊಂಡಿರುವ ಒಂದು ಅರ್ಥದ ಮೇಲೆ ನನ್ನ ಜಗಳ.

ಕೂರುವುದಕ್ಕೆ ನಮ್ಮಲ್ಲಿ ಪದಗಳ ಬರವೇನಿರಲಿಲ್ಲ. ಮಣೆ, ಹಸೆ, ಜಗುಲಿ, ಗದ್ದುಗೆ, ಪೀಠ, ಸಿಂಹಾಸನ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಹೆಸರಲ್ಲೇ ವೀರಸಿಂಹಾಸನವಿದೆ. ಆದರೆ ಇವುಗಳಲ್ಲಿ ಯಾವುದರ ಮೇಲೂ ಸುಮ್ಮನೆ ಹೋಗಿ ಕೂರುವಂತಿಲ್ಲ. ಪೀಠಕ್ಕೆ ಪರಂಪರೆ ಬೇಕು, ಹಸೆಗೆ ಮದುವೆ ಗೊತ್ತಾಗಬೇಕು, ಜಗುಲಿಗೆ ಜಾತಿ ಬೇಕಿತ್ತು. ಕೂಲಿ ಕೇಳಲು ಊರೊಳಗಿನ ಮನೆಗಳಿಗೆ ಹೋಗುತ್ತಿದ್ದ ನನ್ನ ಅಜ್ಜಿ ಜಗುಲಿ ಹತ್ತಿದವಳಲ್ಲ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತವಳು. ಇದಕ್ಕೆ ಎದುರು ನಿಂತ ಕೂರುವಿಕೆಯೂ ನಮ್ಮ ಸೀಮೆಯಲ್ಲೇ ಇದೆ. ಚಿಕ್ಕಲ್ಲೂರು ಜಾತ್ರೆಯ ನಾಲ್ಕನೇ ದಿನ ಸಿದ್ಧಪ್ಪಾಜಿಯ ಗದ್ದುಗೆಯ ಸುತ್ತಲ ಬಯಲಲ್ಲಿ ಬಾಡು ಬೇಯಿಸಿ, ಬೇರೆ ಬೇರೆ ಜಾತಿಯವರು ಒಂದೇ ಸಾಲಿಗೆ ಕೂತು ಉಣ್ಣುತ್ತಾರೆ. ಪಂಕ್ತಿಸೇವೆ ಎನ್ನುತ್ತಾರೆ ಅದನ್ನು. ಅದು ವರ್ಷಕ್ಕೊಂದು ದಿನ. ಬಸ್ಸು ದಿನಾ ಬರುತ್ತದೆ.

ಅಂಗಳದಲ್ಲಿ ಕೂತಿದ್ದ ಅಜ್ಜಿ ಅದೇ ಮನೆಯ ಯಜಮಾನಿಯ ಪಕ್ಕ, ಭುಜಕ್ಕೆ ಭುಜ ತಾಗುವಂತೆ ಕೂತದ್ದು ಬಸ್ಸಿನ ಸೀಟಿನಲ್ಲಿ. ಅವಳು ಕೂತಾಗ ಎದ್ದು ನಿಂತವರೂ ಇದ್ದರಂತೆ. 'ನಿಂತ್ಕಳ್ಲಿ ಬುಡು, ನಂಗೆ ಕಾಲು ಚಾಚಕ್ಕೆ ಜಾಗ ಆಯ್ತು' ಎನ್ನುತ್ತಿದ್ದಳು. ಬಸ್ಸಿನ ಸೀಟಿಗೆ ಒಡೆಯರಿಲ್ಲ, ಮೈಸೂರು ಸೀಮೆಯಲ್ಲೂ. ಕೂತಷ್ಟು ಹೊತ್ತು ನಿಮ್ಮದು, ಇಳಿದರೆ ಇನ್ನೊಬ್ಬರದು.

ಈಗ ಕಾಲೇಜಿನ ಸೀಟಿಗೆ ಬನ್ನಿ. 'ನಮ್ಮ ಹುಡುಗನ ಸೀಟು ಅವರ ಪಾಲಾಯ್ತು' ಎಂಬ ಮಾತು ಸಿಇಟಿ ಫಲಿತಾಂಶ ಬಂದ ವರ್ಷವರ್ಷವೂ ಕೇಳುತ್ತದೆ. ಇನ್ನೂ ಕೂರದ ಸೀಟು ಆ ಹುಡುಗನದಾದದ್ದು ಯಾವಾಗ? ಹಂಚಿಕೆಗೆ ಮೊದಲೇ ಅದು ತನ್ನದು ಎಂದುಕೊಳ್ಳುವುದು ಪೀಠದ ಲೆಕ್ಕಾಚಾರ. ಸೀಟೆಂಬ ಹೊಸ ಅಂಗಿ ತೊಟ್ಟು ಬಂದಿದೆ ಅಷ್ಟೇ.

ಹೆಸರುಗಳನ್ನೇ ನೋಡಿ. ಸಿಇಟಿ ಪಟ್ಟಿಯಲ್ಲಿ ಜಾತಿ ಮೀಸಲಿಲ್ಲದ ಸೀಟು ಜಿ.ಎಂ., ಅಂದರೆ ಜನರಲ್ ಮೆರಿಟ್. ರ‍್ಯಾಂಕ್ ಇದ್ದರೆ ಯಾವ ಜಾತಿಯವರಿಗೂ ಸಿಗುವ ಸೀಟು ಅದು. 'ಮುಕ್ತ' ಎಂದಿದ್ದರೆ ಸಾಕಿತ್ತು. 'ಮೆರಿಟ್' ಎಂದು ಕರೆದು, ಪಕ್ಕದ ಕಾಲಂಗಳಲ್ಲಿ ಇರುವವರಿಗೆಲ್ಲ ಅದು ಇಲ್ಲವೆಂದು ಹೇಳದೆಯೇ ಹೇಳಿದ್ದಾಯಿತು. ತಮಾಷೆಯೆಂದರೆ, ಎಲ್ಲ ವರ್ಗಗಳಲ್ಲಿ ಇರುವಂತೆ ಜಿ.ಎಂ. ಒಳಗೂ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಜಿ.ಎಂ.ಆರ್., ಜಿ.ಎಂ.ಕೆ. ಎಂದು ಬರೆಯುತ್ತಾರೆ. ಇರಲೇಬೇಕಾದ ಮೀಸಲಾತಿ ಅದು. ಅದರಲ್ಲಿ ಸೀಟು ಪಡೆದವರನ್ನು ಯಾರೂ 'ಕೋಟಾ' ಎನ್ನುವುದಿಲ್ಲ. ನಾನು ಪಿಎಚ್‌ಡಿಗೆ ಸೇರಿದ ವಾರ ಹಿರಿಯರೊಬ್ಬರು ಕೇಳಿದ್ದು ನನ್ನ ಸಂಶೋಧನಾ ವಿಷಯವನ್ನಲ್ಲ. 'ಯಾವ ಸೀಟಲ್ಲಮ್ಮ ಬಂದಿದ್ದು?' ಎಂದು, ಅದೂ ಬಹಳ ಅಕ್ಕರೆಯಿಂದ.

ಈ ಪ್ರಶ್ನೆಯನ್ನು ದುಡ್ಡು ಕೊಟ್ಟು ಓದಿದ ಡಾಕ್ಟರನ್ನು ಯಾರಾದರೂ ಕೇಳಿದ್ದಾರೆಯೇ? 1989ರಲ್ಲಿ ರಾಜ್ಯ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಗೊತ್ತುಮಾಡಿದ ವಾರ್ಷಿಕ ಶುಲ್ಕ ಹೀಗಿತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000. ಮೀರತ್‌ನ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು. 1992ರಲ್ಲಿ ಸುಪ್ರೀಂ ಕೋರ್ಟ್ ಆ 60,000 ಶುಲ್ಕವಲ್ಲ, ಕ್ಯಾಪಿಟೇಷನ್ ಎಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪಿನಲ್ಲಿ ಅದೇ ಕೋರ್ಟು ಸೀಟುಗಳನ್ನು 'ಫ್ರೀ' ಮತ್ತು 'ಪೇಮೆಂಟ್' ಎಂದು ಅರ್ಧರ್ಧ ಹಂಚಿತು. 'ಪೇಮೆಂಟ್ ಸೀಟು' ನಮ್ಮ ಮನೆಮಾತಾಯಿತು, ಮದುವೆ ಮಾತುಕತೆಗಳಲ್ಲಿ ಹೆಮ್ಮೆಯ ವಿಷಯವೂ ಆಯಿತು. ಮೆರಿಟ್ಟಿನ ಚಿಂತೆ ಅಲ್ಲಿ ಯಾರಿಗೂ ಹತ್ತಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನೊಳಗೂ ಈ ರಾಗ ಶುರುವಾಗಿದೆ. 'ದುಡ್ಡು ಕೊಟ್ಟವ್ರು ನಿಂತಿದ್ದೀವಿ, ಫ್ರೀ ಟಿಕೆಟ್ನೋರು ಕುಂತವ್ರೆ.' ಗಾರ್ಮೆಂಟ್ಸ್ ಕೆಲಸ ಮುಗಿಸಿ ಕಾಲು ಊದಿಸಿಕೊಂಡು ಬಂದ ಹೆಂಗಸು ಕೂತಿದ್ದರೆ ಇವರ ಸೀಟು ಹೋದಂತೆ. ನಿಂತಿರುವ ಕಷ್ಟ ಕಷ್ಟವೇ. ಅದಕ್ಕೆ ಇನ್ನಷ್ಟು ಬಸ್ಸು ಕೇಳಬೇಕು. ಇವರು ಕೇಳುವುದು ಅವಳನ್ನು ಎಬ್ಬಿಸಿ ಎಂದು.

ಎಂಎಲ್‌ಎ ಸೀಟಿನ ಕಥೆ ಇದಕ್ಕಿಂತ ಸಿಕ್ಕು. ತಿ. ನರಸೀಪುರ ಮೀಸಲು ಕ್ಷೇತ್ರ. ನಂಜನಗೂಡು ಪುನರ್ವಿಂಗಡಣೆಯಾಗಿ 2008ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲಾಯಿತು. 'ಕ್ಷೇತ್ರ ನಮ್ಮ ಕೈ ಬುಟ್ಟೋಯ್ತು' ಎನ್ನುವವರು ಇಂದಿಗೂ ಸಿಗುತ್ತಾರೆ. ಓಟು ಅವರ ಕೈಯಲ್ಲೇ ಇದೆ. 1932ರ ಪೂನಾ ಒಪ್ಪಂದದಲ್ಲಿ ಅಂಬೇಡ್ಕರ್ ಪ್ರತ್ಯೇಕ ಮತದಾನವನ್ನು ಬಿಟ್ಟುಕೊಟ್ಟು, ಪ್ರಾಂತೀಯ ಶಾಸನಸಭೆಗಳಲ್ಲಿ 148 ಸೀಟು ಒಪ್ಪಿಕೊಳ್ಳಬೇಕಾಯಿತು. ಅಂದಿನಿಂದ ಕೂರುವವರು ನಮ್ಮವರು, ಕೂರಿಸುವವರು ಎಲ್ಲರೂ.

ಇಷ್ಟು ಹೇಳಿದ ಮೇಲೆ ನಮ್ಮವರನ್ನೂ ಕೇಳದೆ ಬಿಡುವಂತಿಲ್ಲ. ನಂಜನಗೂಡಿನಲ್ಲಿ 2018ರಲ್ಲಿ ಗೆದ್ದ ಬಿ. ಹರ್ಷವರ್ಧನ್, ಅಲ್ಲಿಂದ 2008 ಮತ್ತು 2013ರಲ್ಲಿ ಗೆದ್ದಿದ್ದ ವಿ. ಶ್ರೀನಿವಾಸ ಪ್ರಸಾದ್ ಅವರ ಅಳಿಯ. 2023ರಲ್ಲಿ ಅವರನ್ನು ಸೋಲಿಸಿದ ದರ್ಶನ್ ಧ್ರುವನಾರಾಯಣ, ಆ ವರ್ಷದ ಮಾರ್ಚ್‌ನಲ್ಲಿ ತೀರಿಕೊಂಡ ಮಾಜಿ ಸಂಸದ ಆರ್. ಧ್ರುವನಾರಾಯಣ ಅವರ ಮಗ. ಈ ಎರಡೂ ತಾಲ್ಲೂಕುಗಳು ಸೇರುವ ಚಾಮರಾಜನಗರ ಮೀಸಲು ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಗೆದ್ದ ಸುನಿಲ್ ಬೋಸ್, ತಿ. ನರಸೀಪುರದ ಶಾಸಕ ಎಚ್.ಸಿ. ಮಹದೇವಪ್ಪ ಅವರ ಮಗ. ಪಕ್ಷ ಒಂದಲ್ಲ, ಪದ್ಧತಿ ಒಂದೇ. ಮೇಲ್ಜಾತಿಗಳ ಜನರಲ್ ಕ್ಷೇತ್ರಗಳಲ್ಲಿ ಇದಕ್ಕಿಂತ ಹೆಚ್ಚು ನಡೆಯುತ್ತದೆ ಎಂಬ ಉತ್ತರ ನನಗೂ ಗೊತ್ತು, ನಿಜವೂ ಹೌದು. ಆದರೆ ಅಪ್ಪನಿಂದ ಮಗನಿಗೆ ಇಳಿಯದ ಒಂದು ಜಾಗ ಬೇಕು ಎಂದೇ ಅಲ್ಲವೇ ನಾವು ಸೀಟು ಕೇಳಿದ್ದು?

ಮತದಾರರು ಗೆಲ್ಲಿಸಿದ್ದಾರೆ, ಸರಿ. ಅವರ ಮುಂದೆ ಯಾರ ಹೆಸರು ಇಡಬೇಕೆಂದು ತೀರ್ಮಾನಿಸಿದ್ದು ಪಕ್ಷಗಳು. ಕಪಿಲೆಯ ಎರಡೂ ದಡದ ಕೇರಿಗಳಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದಿದವರಿದ್ದಾರೆ, ಸಂಘಟನೆ ಕಟ್ಟಿದವರಿದ್ದಾರೆ, ಗ್ರಾಮ ಪಂಚಾಯ್ತಿ ನಡೆಸಿ ಸೈ ಎನಿಸಿಕೊಂಡ ಹೆಂಗಸರಿದ್ದಾರೆ. ಅವರು ಟವಲ್ ಹಿಡಿದು ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತಾರೆ. ಬಸ್ಸು ಬಂದು ನಿಂತಾಗ ನೋಡಿದರೆ, ಡಿಪೋದಲ್ಲೇ ಹತ್ತಿದವರು ಒಳಗೆ ಕೂತಿರುತ್ತಾರೆ.